ಗಡಿಯಾಚೆಯ ಕಲ್ಲು ಯಾವ ಪಟ್ಟಿಗೆ?

ಮಾತನ್ನ ಹೊಸೂರಿನಿಂದಲೇ ಶುರು ಮಾಡ್ತೀನಿ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೇ ಸಂಪುಟ (1905) ಬೆಂಗಳೂರು ಜಿಲ್ಲೆಯದು. ಆನೇಕಲ್ಲಿನ ಶಾಸನಗಳು ಅದರಲ್ಲಿವೆ, ಪಕ್ಕದ ಹೊಸೂರಿನವು ಇಲ್ಲ. ಆನೇಕಲ್ ಮೈಸೂರು ಸಂಸ್ಥಾನ, ಹೊಸೂರು ಆಗ ಮದರಾಸಿನ ಸೇಲಂ ಜಿಲ್ಲೆ, ಅಷ್ಟೇ ಕಾರಣ. ರೈಸ್ ಮೈಸೂರಿನ ಅಧಿಕಾರಿ, ಅವರನ್ನ ದೂರುವಂತಿಲ್ಲ.

ನನ್ನ ತಕರಾರು ನಮ್ಮ ಕಾಲದ್ದು. ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರಿನ ಶಾಸನಗಳನ್ನ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಡುತ್ತಿದೆ. ನಿಜಕ್ಕೂ ದೊಡ್ಡ ಕೆಲಸ: ಸವೆದ ಅಕ್ಷರ ಪರದೆಯ ಮೇಲೆ ಎದ್ದು ಕಾಣುತ್ತೆ, ಸಂಪಾದಕರು ಕೊಟ್ಟ ಪಾಠವನ್ನ ನಾವೇ ಪರೀಕ್ಷಿಸಬಹುದು. ಆದರೆ ಕೃಷ್ಣಗಿರಿ ಕಡೆಯ ಕನ್ನಡ ವೀರಗಲ್ಲು ಹುಡುಕೋ ವಿದ್ಯಾರ್ಥಿ ತಮಿಳು ಪ್ರಕಟಣೆಗಳ ಮೊರೆ ಹೋಗಬೇಕು, ಅದೂ ತಮಿಳು ಓದೋಕೆ ಬಂದರೆ. ‘ರಾಜ್ಯ’, ‘ಭಾಷೆ’ ಅನ್ನೋ ಒಂದೊಂದೇ ಕಲಂ ಇರುವ ಪಟ್ಟಿಯಲ್ಲಿ ಗಂಗರು, ಚೋಳರು, ಹೊಯ್ಸಳರು ಆಳಿದ ಈ ನೆಲ ಹಿಡಿಸೋದಿಲ್ಲ. ಕೋಲಾರದ ತಮಿಳು ಶಾಸನಗಳನ್ನೂ ರೈಸ್ 10ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ದರು, ಅಲ್ವಾ?

ಹಂಚಿಕೊಳ್ಳೋ ಭಂಡಾರ ಕಟ್ಟುವುದಾದರೆ ಊರಹೆಸರು ಎರಡೂ ಲಿಪಿಯಲ್ಲಿರಲಿ, ಅಂದಿನ ಮತ್ತು ಇಂದಿನ ತಾಲ್ಲೂಕು ಜೊತೆಗಿರಲಿ. ಹೊಸೂರಿನ ಸುತ್ತ ಲೇಔಟು, ಕಾರ್ಖಾನೆ ಹಬ್ಬುತ್ತಿರೋದು ನೋಡಿದರೆ ಫೋಟೋ ಮತ್ತು ಜಿಪಿಎಸ್ ನೆಲೆಯಾದರೂ ಈ ವರ್ಷವೇ ದಾಖಲಾಗಬೇಕು. ಪಾಠ ಸಂಪಾದನೆಯನ್ನ ಆಮೇಲೆ ಕೂತು ಮಾಡೋಣ.