ಕೇಳುವ ವಿದ್ಯೆ

ಕನ್ನಡದ ‘ಕೇಳು’ ಎಂಬ ಧಾತುವಿಗೆ ಎರಡು ಅರ್ಥಗಳುಂಟು: ಪ್ರಶ್ನಿಸುವುದು ಒಂದು, ಕಿವಿಗೊಡುವುದು ಇನ್ನೊಂದು. ಮೇರಿ ಎಲ್ಸ್‌ಬರ್ಗ್ ಮತ್ತು ಲೋರಿ ಹೈಸ್ ಅವರು ಇಂಗ್ಲಿಷಿನಲ್ಲಿ ಬರೆದಿರುವ ಕೈಪಿಡಿಯೊಂದನ್ನು ಓದುವಾಗ ಈ ಮಾತು ಮತ್ತೆ ಮತ್ತೆ ನೆನಪಿಗೆ ಬಂದಿತು. ಸ್ತ್ರೀಯರ ಮೇಲಿನ ಹಿಂಸೆಯನ್ನು ಕುರಿತು ಸಂಶೋಧನೆ ನಡೆಸುವ ಬಗೆಯನ್ನು ತಿಳಿಸುವ ಈ ಗ್ರಂಥವನ್ನು ವಿಶ್ವ ಆರೋಗ್ಯ ಸಂಸ್ಥೆಯೂ ‘ಪಾತ್’ ಎಂಬ ಸಂಸ್ಥೆಯೂ ಕೂಡಿ 2005ರಲ್ಲಿ ಹೊರತಂದವು. ಕನ್ನಡ ಪಾಠ ಹೇಳುವವರಿಗೆ ಇಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಒಬ್ಬರ ನೋವು ಇನ್ನೊಬ್ಬರ ಬರಹವಾಗುವುದು ಹೇಗೆ ಎಂಬುದೇ ಇದರ ವಸ್ತು. ಅದು ಸಾಹಿತ್ಯಕ್ಕೆ ಹೊರತಾದುದಲ್ಲ.

ಎಲ್ಸ್‌ಬರ್ಗ್ ಅವರು ಅಮೆರಿಕದವರು. ಮಧ್ಯ ಅಮೆರಿಕದ ನಿಕರಾಗುವದಲ್ಲಿ ಹಲವು ವರ್ಷ ನೆಲೆಸಿ ದುಡಿದವರು. ಅಲ್ಲಿನ ಲಿಯೋನ್ ನಗರದಲ್ಲಿ ಸ್ಥಳೀಯ ವಿಶ್ವವಿದ್ಯಾನಿಲಯ, ಸ್ವೀಡನ್ನಿನ ಊಮೆಯೊ ವಿಶ್ವವಿದ್ಯಾನಿಲಯ ಹಾಗೂ ಹಿಂಸೆಯ ವಿರುದ್ಧ ಒಂದುಗೂಡಿದ್ದ ಆ ದೇಶದ ಮಹಿಳೆಯರ ಒಕ್ಕೂಟದೊಡನೆ ಅವರು ನಡೆಸಿದ ಅಧ್ಯಯನವೇ ಈ ಗ್ರಂಥದ ಹಿಂದಿರುವ ಅನುಭವದ ಬೇರು. ಮಾತನಾಡಿಸಿದ್ದು 488 ಮಂದಿಯನ್ನು. ಮದುವೆಯಾಗಿದ್ದ ಅಥವಾ ಸಂಗಾತಿಯೊಡನೆ ಬಾಳಿದ್ದ ಹೆಂಗಸರಲ್ಲಿ ಶೇಕಡ 52 ಮಂದಿ ಒಂದಲ್ಲ ಒಂದು ಕಾಲದಲ್ಲಿ ಅವನಿಂದ ಪೆಟ್ಟು ತಿಂದವರು. 1996ರ ಆ ವರದಿಗೆ ‘ನರಕದಲ್ಲಿ ಮಿಠಾಯಿ’ ಎಂದು ಹೆಸರು. ಹೊಡೆಯುವ ಕೈಯೇ ಸಿಹಿಯನ್ನೂ ನೀಡುವ ಸಂಸಾರವನ್ನು ಇದಕ್ಕಿಂತ ಅಡಕವಾಗಿ ಹೇಳುವುದು ಕವಿಗೂ ಕಷ್ಟ. ಅದೇ ವರ್ಷ ಅಲ್ಲಿ 230ನೆಯ ಕಾನೂನು ಬಂದಿತು. ಮನಸ್ಸಿಗಾದ ಗಾಯವೂ ಅಪರಾಧವೆನಿಸಿತು. ಒಕ್ಕೂಟದ ಹೋರಾಟಕ್ಕೆ ಈ ಅಂಕಿಗಳು ಬಲ ಕೊಟ್ಟವು. ಊರ ಹೆಂಗಸರು ಆಗಲೇ ಎತ್ತಿದ್ದ ಪ್ರಶ್ನೆಗೆ ಪರದೇಶದವರು ಕೈಗೂಡಿಸಿದ್ದರು ಎಂಬುದನ್ನು ಇಲ್ಲಿ ಮರೆಯಬಾರದು.

ಮುಂದಿನ ಕಥೆ ಇನ್ನೂ ಸ್ವಾರಸ್ಯವಾದುದು. ರಾಜಧಾನಿ ಮನಾಗುವದಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಈ ಪ್ರಮಾಣ ಶೇಕಡ 69. ಇಡೀ ದೇಶದ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಯಲ್ಲಿ 28. ಒಂದೇ ದೇಶ, ಮೂರು ಸತ್ಯಗಳೆ? ಎಲ್ಸ್‌ಬರ್ಗ್ ಮತ್ತು ಸಂಗಡಿಗರು 2001ರಲ್ಲಿ ಇವನ್ನು ತೂಗಿನೋಡಿದರು. ಹೆಂಗಸಿನ ಸುರಕ್ಷಿತತೆಗೆ ವಹಿಸಿದ ಎಚ್ಚರ, ಮಾತನಾಡಿಸಿದ ಸನ್ನಿವೇಶ, ಇವುಗಳಲ್ಲಿಯೇ ಮುಖ್ಯ ವ್ಯತ್ಯಾಸವಿದ್ದುದು ಕಂಡುಬಂದಿತು. ಬಾಗಿಲ ಬಳಿ ಅತ್ತೆ ನಿಂತಿದ್ದರೆ ಸೊಸೆ ಏನು ಹೇಳಿಯಾಳು?

ಆದ್ದರಿಂದಲೇ ಈ ಗ್ರಂಥದ ಅತ್ಯುತ್ತಮ ಭಾಗವೆಂದರೆ ಅದರ ಕಟ್ಟಳೆಗಳು. ಊರಿನಲ್ಲಿ ಅಧ್ಯಯನವನ್ನು ‘ಸ್ತ್ರೀಯರ ಆರೋಗ್ಯ’ ಎಂದಷ್ಟೇ ಪರಿಚಯಿಸಬೇಕು, ಮನೆಗೊಬ್ಬಳನ್ನೇ ಮಾತನಾಡಿಸಬೇಕು, ನಡುವೆ ಯಾರಾದರೂ ಬಂದರೆ ಬೇರೆ ವಿಷಯಕ್ಕೆ ಹೊರಳಬೇಕು, ನೆರವು ಎಲ್ಲಿ ದೊರೆಯುತ್ತದೆಂದು ತಿಳಿಸಬೇಕು, ಇಂಥ ಕಥೆಗಳನ್ನು ಕೇಳಿ ಕೇಳಿ ನೊಂದ ಸಂದರ್ಶಕಿಯರನ್ನೂ ಸಂತೈಸಬೇಕು. ಪ್ರಶ್ನೆಯೂ ಖಚಿತವಾಗಿರಬೇಕು. ‘ನಿಮ್ಮ ಮೇಲೆ ದೌರ್ಜನ್ಯ ನಡೆದಿದೆಯೆ?’ ಎಂದರೆ ನಮ್ಮಲ್ಲಿಯೂ ಎಷ್ಟೋ ಮಂದಿ ‘ಇಲ್ಲ’ ಎಂದಾರು. ‘ಕೆನ್ನೆಗೆ ಹೊಡೆದದ್ದುಂಟೆ? ತಳ್ಳಿದ್ದುಂಟೆ?’ ಎಂದಾಗ ತಲೆ ತಗ್ಗೀತು.

ಹಾಗೆಂದು ಗ್ರಂಥದಲ್ಲಿ ಕೊರತೆ ಇಲ್ಲದಿಲ್ಲ. ಅದರ ಶೈಲಿ ಕಚೇರಿಯ ಶೈಲಿ. ಹಣವೂ ಪರಿವಾರವೂ ಉಳ್ಳ ತಂಡವನ್ನು ಉದ್ದೇಶಿಸಿ ಆಡಿದ ಮಾತು. ದೇಶದೇಶಗಳ ಅಂಕಿಗಳನ್ನು ಹೋಲಿಸಬೇಕಾದರೆ ಎಲ್ಲೆಡೆಯೂ ಒಂದೇ ಪಟ್ಟಿ ಬೇಕು, ನಿಜ. ಆದರೆ ಪಟ್ಟಿಯಲ್ಲಿಲ್ಲದ ನೋವು ಲೆಕ್ಕದಿಂದಲೇ ಜಾರಿಹೋಗುತ್ತದೆ. ಗಂಡನ ಕೈಯನ್ನು ಎಣಿಸುವ ಪಟ್ಟಿಗೆ ಕೂಡುಕುಟುಂಬದ ಚುಚ್ಚುಮಾತು ಸುಲಭವಾಗಿ ಸಿಕ್ಕುವುದಿಲ್ಲ. ಲೇಖಕಿಯರು ಇದನ್ನರಿಯದವರಲ್ಲ, ಗುಂಪಿನ ಮಾತುಕತೆಗಳಿಂದ ಊರ ನುಡಿಯನ್ನು ಮೊದಲು ಕಲಿಯಿರಿ ಎನ್ನುತ್ತಾರೆ. ಆದರೂ ಕೊನೆಗೆ ಮೆರೆಯುವುದು ಅಂಕಿಯೇ. ‘ಮಿಠಾಯಿ’ಯಂಥ ಮಾತು ಅಪರೂಪ.

ಈ ಗ್ರಂಥ ನಮಗೇಕೆ ಬೇಕೆಂಬುದಕ್ಕೆ ಒಂದು ನಿದರ್ಶನ ಸಾಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗಂಡನಿಂದ ಹಿಂಸೆಗೊಳಗಾದೆವೆಂದ ಕರ್ನಾಟಕದ ವಿವಾಹಿತೆಯರು 2015–16ರಲ್ಲಿ ಶೇಕಡ 20.6, 2019–21ರಲ್ಲಿ 44.4. ಅಷ್ಟರೊಳಗೆ ನಮ್ಮ ಗಂಡಸರು ಇಮ್ಮಡಿ ಕ್ರೂರರಾದರೆ? ಹೆಂಗಸರ ಬಾಯಿ ಬಿಚ್ಚಿತೆ? ಅಥವಾ ಕೇಳುವ ಬಗೆಯೇ ಬದಲಾಯಿತೆ? ಅಂಕಿಯನ್ನು ಕಂಡು ಬೆಚ್ಚುವುದಕ್ಕಾಗಲಿ, ಸುಳ್ಳೆಂದು ತಳ್ಳುವುದಕ್ಕಾಗಲಿ ಮುನ್ನ ಈ ಮೂರನ್ನೂ ಕೇಳಬೇಕೆಂದು ನಿಕರಾಗುವದ ಅನುಭವ ಕಲಿಸುತ್ತದೆ. 28 ಎಂದು ಬರೆದುಕೊಂಡು ಸುಮ್ಮನಾಗಿದ್ದರೆ ಅಲ್ಲಿ ಎಷ್ಟೋ ಹೆಂಗಸರು ಲೆಕ್ಕದಲ್ಲಿಯೇ ಇರುತ್ತಿರಲಿಲ್ಲ.

ಸಮಾಜಶಾಸ್ತ್ರದ ವಿದ್ಯಾರ್ಥಿಗಳೂ ಪ್ರಶ್ನಾವಳಿ ಹಿಡಿದು ಹಳ್ಳಿಗಳಿಗೆ ಹೊರಡುವ ತರುಣರೂ ಈ ಗ್ರಂಥವನ್ನು ಅವಶ್ಯ ಓದಬೇಕು. ಆದರೆ ಇದರ ಪಟ್ಟಿಯನ್ನು ಕನ್ನಡಿಸಿಕೊಂಡರೆ ಸಾಲದು. ನಮ್ಮ ಹೆಂಗಸರು ತಮ್ಮ ನೋವಿಗೆ ಇಟ್ಟುಕೊಂಡಿರುವ ಮಾತುಗಳನ್ನು ಮೊದಲು ಕೂಡಿಸಬೇಕು, ಪ್ರಶ್ನೆ ಆಮೇಲೆ.