ನನ್ನದೇ ಲೇಖನದ ಮೇಲೊಂದು ತಕರಾರು

ಕೆಲವು ವರ್ಷಗಳ ಹಿಂದೆ ನಾನೊಂದು ‘ನಮ್ಮೂರು’ ಲೇಖನ ಬರೆದಿದ್ದೆ. ನೀವೂ ಓದಿರುತ್ತೀರಿ, ನನ್ನದಲ್ಲದಿದ್ದರೆ ಇನ್ನೊಬ್ಬರದು. ಬೆಂಗಳೂರಲ್ಲಿ ಕೋಡ್ ಬರೆಯುವ ಹಳ್ಳಿ ಹುಡುಗರು ಮೂವತ್ತು ದಾಟಿದ ಮೇಲೆ ಇಂಥದ್ದೊಂದನ್ನು ಬರೆದೇ ಬರೆಯುತ್ತೇವೆ. ನನ್ನದರಲ್ಲಿ ಸವಣೂರಿನ ದೊಡ್ಡಹುಣಸೆ ಮರಗಳಿದ್ದವು, ವೀಳ್ಯದೆಲೆ ಇತ್ತು, ಸವಣೂರ ಖಾರ ಇತ್ತು, ನವಾಬರಿದ್ದರು. ವಿ.ಕೃ. ಗೋಕಾಕರು ಹುಟ್ಟಿದ ಊರು ಅನ್ನೋ ಹೆಮ್ಮೆಯೂ ಇತ್ತು. ಜೋಳ ಕೊಯ್ದ ಹೊಲದಲ್ಲಿ ಕೂಳೆ ಚುಚ್ಚಿಸಿಕೊಳ್ಳುತ್ತ ಫುಟ್‌ಬಾಲ್ ಆಡಿದ್ದನ್ನು ಬರೆದು, ‘ಸುತ್ತಲಿನ ಹಳ್ಳಿಗಳಲ್ಲೆಲ್ಲ ಕ್ರಿಕೆಟ್ಟು, ನಮ್ಮಲ್ಲಿಗೆ ಮಾತ್ರ ಈ ಆಟ ಹೇಗೋ ಬಂದುಬಿಟ್ಟಿತ್ತು’ ಅಂತ ಸೇರಿಸಿದ್ದೆ. ಓದಿದವರು ಕಣ್ಣೀರು ಬಂತು ಅಂದರು.

ವಾರದ ನಂತರ ವಾಸ್ಕೋದಿಂದ ಹಳೇ ಗೆಳೆಯನ ವಾಯ್ಸ್ ಮೆಸೇಜ್ ಬಂತು. ಮೂರನೇ ಇಯತ್ತೆಯಿಂದ ನನ್ನ ಬೆಂಚಿನವ. ‘ಲೇಖನ ಚಲೋ ಐತಿ ದೋಸ್ತ. ಹೇಗೋ ಬಂತು ಅಂದ್ರ ಏನಲೇ? ಚೆಂಡು ತಂದಾಂವ ನಾನು.’

ಹೌದು, ಅವನೇ. ಸುಗ್ಗಿ ಮುಗೀತಿದ್ದಂಗೆ ಅವನ ಮನೆಗೆ ಕೀಲಿ ಬೀಳುತ್ತಿತ್ತು, ಅಪ್ಪ-ಅವ್ವ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗೋರು. ಹಾಜರಿ ಕೂಗುವಾಗ ಅವನ ಹೆಸರು ಬಂದರೆ ಇಡೀ ಕ್ಲಾಸು ಒಂದೇ ದನಿಯಲ್ಲಿ ‘ಗೋವಾಕ್ಕ ಹೋಗ್ಯಾನ್ರೀ ಸರ್’ ಅನ್ನುತ್ತಿತ್ತು. ನನ್ನ ಲೇಖನದಲ್ಲಿ ಅಷ್ಟೂ ಇರಲಿಲ್ಲ.

ಅವತ್ತಿಂದ ನನ್ನ ಲೇಖನವನ್ನು ಬೇರೆ ಯಾರೋ ಬರೆದಿದ್ದಂತೆ ಓದಿದ್ದೇನೆ. ಅದರ ದೋಷ ಭಾವುಕತೆಯಲ್ಲ, ಭಾವುಕತೆ ಇರಲಿ ಬಿಡಿ. ಈ ಬಗೆಯ ಬರಹದಲ್ಲಿ ಊರು ಬಿಡುವವನು ಒಂದೇ ಸಲ ಬಿಡುತ್ತಾನೆ: ಕೈಯಲ್ಲಿ ಟಿ.ಸಿ., ಟ್ರಂಕು, ಬಸ್‌ಸ್ಟ್ಯಾಂಡಿನಲ್ಲಿ ಅಳುವ ಅವ್ವ. ಅವನು ಹೋದ ದಿನ ಊರು ಫೋಟೋದಂತೆ ನಿಂತುಬಿಡುತ್ತದೆ. ವರ್ಷಕ್ಕೆರಡು ಸಲ ಊರು ಬಿಟ್ಟು ವರ್ಷಕ್ಕೆರಡು ಸಲ ಊರಿಗೆ ಬರುವ ಹುಡುಗನಿಗೆ ಈ ಕತೆಯಲ್ಲಿ ಜಾಗವಿಲ್ಲ. ಅವನ ಊರು ನಿಲ್ಲುವುದಿಲ್ಲ. ಪ್ರತಿ ಸಲ ಬಂದಾಗ ಯಾರ ಎಮ್ಮೆ ಮಾರಿದರು, ಯಾರ ಗೋಡೆ ಬಿತ್ತು ಅಂತ ಅವನು ತಾಳೆ ನೋಡಬೇಕು. ಊರಿನ ವಿವರ ನನಗಿಂತ ಅವನಿಗೇ ಹೆಚ್ಚು ನೆನಪಿದೆ, ನಾನು ಪರೀಕ್ಷೆ ಮಾಡಿ ಸೋತಿದ್ದೇನೆ.

ಫೋನಲ್ಲಿ ಅವನು ಹೇಳಿದ್ದೊಂದು: ವಾಸ್ಕೋದ ಶೆಡ್ ಸಾಲಿನಲ್ಲಿ ಗದಗ, ಕೊಪ್ಪಳ, ಬಾಗಲಕೋಟಿ, ನಮ್ಮ ಹಾವೇರಿ ಕಡೆಯ ಹುಡುಗರೆಲ್ಲ ಇದ್ದರು. ಊರ ಜಾತ್ರೆಗಳ ಹೊತ್ತಿಗೆ ಅವರು ಅಲ್ಲೇ ಇರುತ್ತಿದ್ದರು. ಒಂದು ವರ್ಷ ಸಿಮೆಂಟ್ ಚೀಲ, ಬಿದಿರು ತುಂಡು ಸೇರಿಸಿ ತೇರು ಕಟ್ಟಿದರಂತೆ. ಯಾವ ದೇವರ ತೇರು ಅಂತ ಜಗಳ ಬಿತ್ತು. ಒಬ್ಬ ಬಾದಾಮಿ ಬನಶಂಕರಿದು ಅಂದ, ಇನ್ನೊಬ್ಬ ಕೊಪ್ಪಳದ ಗವಿಸಿದ್ಧಪ್ಪಜ್ಜಂದು ಅಂದ. ಕಡೀಗೆ ದೇವರಿಲ್ಲದೇ ಎಳೆದರು, ಉತ್ತತ್ತಿ ಬದಲು ಪಾವ್ ಚೂರು ಎಸೆದರು. ನಾಲ್ಕು ಜಿಲ್ಲೆಯ ನೆನಪು ಕೂಡಿ ಎಳೆದ ಆ ತೇರು ಯಾವ ಊರಿನ ಇತಿಹಾಸದಲ್ಲೂ ಇಲ್ಲ.

ಗೋಕಾಕರ ಹೆಮ್ಮೆಯ ವಿಷಯಕ್ಕೂ ಬರಲೇಬೇಕು. 1909ರಲ್ಲಿ ಸವಣೂರಲ್ಲಿ ಹುಟ್ಟಿದ ಅವರು ಕಲಿಯಲು ಹೋಗಿದ್ದು ಧಾರವಾಡಕ್ಕೆ, ಆಕ್ಸ್‌ಫರ್ಡಿಗೆ. ಅದನ್ನು ನಾವು ವಲಸೆ ಅನ್ನುವುದಿಲ್ಲ, ಸಾಧನೆ ಅನ್ನುತ್ತೇವೆ. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಲಿ ಎಂದ ಅವರ ಸಮಿತಿಯ ವರದಿ 1981ರದು, ಅದಕ್ಕಾಗಿ ರಾಜಕುಮಾರ್ ಬೀದಿಗಿಳಿದಿದ್ದು 1982ರಲ್ಲಿ. ಇದನ್ನೆಲ್ಲ ನಾನು ಅಂಕಿ ಸಮೇತ ಬರೆದಿದ್ದೆ. ಅದೇ ಸವಣೂರು ಸೀಮೆಯ ಹುಡುಗ ಅರ್ಧ ವರ್ಷ ಗೋವಾದಲ್ಲಿ ಯಾವ ಶಾಲೆಗೂ ಹೋಗದೆ ಕೊಂಕಣಿ ಕಲಿತ. ಅಲ್ಲಿ ಅವನು ‘ಘಾಂಟಿ’, ಇಲ್ಲಿ ‘ಗೋವಾದಾಂವ’.

ಕನ್ನಡದಲ್ಲಿ ವಲಸೆಯ ಮಕ್ಕಳನ್ನು ಮನಸಿಟ್ಟು ನೋಡಿದವರು ಜಯಂತ ಕಾಯ್ಕಿಣಿ. ಅವರ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಕತೆಯ ಪೋಪಟ್ ಮುಂಬಯಿಯಲ್ಲಿ ಬೆಳೆದ ಅನಾಥ. ಮದುವೆ ಕಾಗದ ಅಚ್ಚು ಹಾಕಿಸುವಾಗ, ಅಡ್ಡಹೆಸರಿಲ್ಲದ ತನ್ನನ್ನು ಏನಂತ ಬರೆಯಬೇಕು ಅನ್ನುವುದೇ ಅವನಿಗೆ ಫಜೀತಿ. ಎಷ್ಟು ಸಲ ಓದಿದರೂ ಗಂಟಲು ಕಟ್ಟುತ್ತೆ. ಆದರೂ ನನ್ನ ಗೆಳೆಯನನ್ನು ಆ ಕತೆಯಲ್ಲಿ ಕೂಡಿಸಲು ಹೋದರೆ ಅವನು ಕೂಡುವುದಿಲ್ಲ. ಪೋಪಟನಿಗೆ ಹಿಂದೆ ಏನೂ ಇಲ್ಲ, ಮಹಾನಗರವೇ ಅವನ ತಾಯಿ. ನನ್ನ ಗೆಳೆಯನಿಗೆ ಊರಿದೆ, ಮನೆತನದ ಹೆಸರಿದೆ, ರೇಷನ್ ಕಾರ್ಡಿದೆ, ಬೇಕಾದಷ್ಟು ನೆನಪಿದೆ. ಅವನ ನೆನಪನ್ನು ಊರಿನ ನೆನಪು ಅಂತ ಲೆಕ್ಕಕ್ಕೆ ಹಿಡಿಯುವವರಿಲ್ಲ, ಅಷ್ಟೇ. ಇದು ಅನಾಥತನಕ್ಕಿಂತ ಬೇರೆ ಸಂಕಟ. ಕನ್ನಡ ಕತೆಗೆ ಇದು ಇನ್ನೂ ಪೂರ್ತಿ ಒಗ್ಗಿಲ್ಲ ಅಂತ ನನ್ನ ಅನಿಸಿಕೆ.

ದೊಡ್ಡಹುಣಸೆಯನ್ನೇ ನೋಡಿ. ಅದು ಹುಣಸೆಯಲ್ಲ, ಆಫ್ರಿಕಾ ಮೂಲದ ಬಾವೊಬಾಬ್. ಹೊರಗಿಂದ ಬಂದ ಮರಕ್ಕೆ ಊರು ತನಗೆ ಗೊತ್ತಿದ್ದ ಹೆಸರಿಟ್ಟುಕೊಂಡಿತು, ಮಠಕ್ಕೂ ಅದೇ ಹೆಸರಾಯಿತು. 2023ರ ಮಳೆಗಾಲದಲ್ಲಿ ಮೂರರಲ್ಲೊಂದು ಉರುಳಿದಾಗ ಎತ್ತಿ ಮತ್ತೆ ನೆಟ್ಟರು. ಅಷ್ಟು ಅಕ್ಕರೆ. ನೋಡಲು ಬಂದವರಿಗೆ ‘ಇದು ಆಫ್ರಿಕಾದಿಂದ ಬಂದದ್ರೀ’ ಅಂತ ನಾವು ಖುಷಿಯಿಂದ ಹೇಳುತ್ತೇವೆ. ಮರ ಎಲ್ಲಿಂದ ಬಂತು ಅಂತ ನೆನಪಿಡುವ ಊರಲ್ಲಿ, ಇಪ್ಪತ್ತೇ ವರ್ಷದ ಹಿಂದೆ ಆಟ ಎಲ್ಲಿಂದ ಬಂತು ಅನ್ನುವುದು ‘ಹೇಗೋ’ ಆಗಿಹೋಯಿತು. ಹಾಗೆ ಬರೆದಿದ್ದು ಊರಲ್ಲ, ನಾನು.

ಲೇಖನ ತಿದ್ದೋಣ ಅಂತ ಮೊನ್ನೆ ಅವನಿಗೆ ಫೋನ್ ಮಾಡಿ ಚೆಂಡಿನ ಕತೆ ಮೊದಲಿಂದ ಕೇಳಿದೆ. ಶೆಡ್ಡಿನ ಹಿಂದಿನ ಗಟಾರದಲ್ಲಿ ಸಿಕ್ಕಿದ್ದಂತೆ, ಗಾಳಿ ಹೋಗಿತ್ತು. ಭಾಂಡೆ ತುಂಬಿದ ಚೀಲದೊಳಗೆ ಒತ್ತಿ ಹುಬ್ಬಳ್ಳಿವರೆಗೆ ರೈಲಲ್ಲಿ, ಅಲ್ಲಿಂದ ಬಸ್ಸಿನಲ್ಲಿ ತಂದ. ಸವಣೂರಿನ ಸೈಕಲ್ ಅಂಗಡಿಯವ ಗಾಳಿ ತುಂಬಿಕೊಟ್ಟ.

‘ಗಾಳಿ ಹೊಡಸಾಕ ಎಂಟಾಣೆ ನೀನ ಕೊಟ್ಟಿದ್ದಿ,’ ಅಂದ. ‘ಅದನ್ನೂ ಮರ್ತೀಯೇನು?’