ಗೋಡೆಯ ಮೇಲಿನ ವಂಶಾವಳಿ

ರೋಮ್ ನಗರದ ಕೋರ್ಸೊ ಬೀದಿಯಲ್ಲಿರುವ ದೋರಿಯಾ ಪಾಂಫೀಲಿ ಅರಮನೆಯ ಚಿತ್ರಶಾಲೆಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ಚೌಕಟ್ಟುಗಳ ಚಿನ್ನ. ಉದ್ದನೆಯ ಪಡಸಾಲೆಗಳ ಗೋಡೆಗಳಲ್ಲಿ ಚಿತ್ರಗಳು ಸಾಲಿನ ಮೇಲೆ ಸಾಲಾಗಿ, ಒತ್ತೊತ್ತಾಗಿ ಮೇಲಕ್ಕೇರಿವೆ. ಇಟಲಿಯವರು ಕ್ವಾದ್ರೇರಿಯಾ ಎನ್ನುವ ಈ ಪದ್ಧತಿಯನ್ನು ವೈಭವವೆಂದು ಹೊಗಳುವವರಿದ್ದಾರೆ, ಉಗ್ರಾಣವೆಂದು ಜರೆಯುವವರೂ ಇದ್ದಾರೆ. ಇಬ್ಬರೂ ಕೇಳದೆ ಬಿಡುವ ಪ್ರಶ್ನೆ ಒಂದಿದೆ: ಈ ಗೋಡೆ ಯಾರ ಕಥೆ ಹೇಳುತ್ತಿದೆ?

ಕಥೆ ಮನೆತನದ್ದು. 1644ರಿಂದ 1655ರವರೆಗೆ ಪೋಪ್ ಆಗಿದ್ದ ಹತ್ತನೆಯ ಇನ್ನೊಸೆಂಟ್ ಪಾಂಫೀಲಿ ಕುಲದವನು. ಅವನ ಸಹೋದರನ ಮಗ ಕಮಿಲ್ಲೊ 1647ರಲ್ಲಿ ಕಾರ್ಡಿನಲ್ ಪದವಿ ಬಿಟ್ಟು ಒಲಿಂಪಿಯಾ ಆಲ್ದೊಬ್ರಾಂದೀನಿಯನ್ನು ಮದುವೆಯಾದ. ಆಕೆಯ ಜೊತೆಗೆ ಆಲ್ದೊಬ್ರಾಂದೀನಿಗಳ ಚಿತ್ರಸಂಗ್ರಹವೂ ಈ ಮನೆ ಸೇರಿತು. 1730ರ ದಶಕದಲ್ಲಿ ವಾಸ್ತುಶಿಲ್ಪಿ ಗಾಬ್ರಿಯೇಲೆ ವಲ್ವಸ್ಸೋರಿ ಕನ್ನಡಿಗಳ ಪಡಸಾಲೆಯನ್ನು ರೂಪಿಸಿದ. ವಾರಸುದಾರರು ಆಸ್ತಿಯನ್ನು ಮಾರದಂತೆ, ಪಾಲು ಮಾಡಿಕೊಳ್ಳದಂತೆ ತಡೆಯುವ ಉಯಿಲಿನ ಕಟ್ಟುಪಾಡು ಸಂಗ್ರಹವನ್ನು ಒಡೆಯಗೊಡಲಿಲ್ಲ. ಬೊರ್ಗೇಸೆ ಮನೆತನದ ಸಂಗ್ರಹ 1902ರಲ್ಲಿ ಸರ್ಕಾರದ ಪಾಲಾಯಿತು; ಇದು ಇಂದಿಗೂ ಖಾಸಗಿ ಒಡೆತನದಲ್ಲೇ ಇದೆ. ಪದವಿ, ಮದುವೆ, ಉಯಿಲು: ಈ ಗೋಡೆಯನ್ನು ಕಟ್ಟಿದ್ದು ಈ ಮೂರೇ. ಕಲಾಭಿರುಚಿ ಇವುಗಳ ಹಿಂದೆ ನಡೆದುಬಂತು.

ಇದರ ನಷ್ಟ ಸಣ್ಣದಲ್ಲ. ಎರಡು ಬದಿಗೂ ಸರಿಹೊಂದುವ ಅಳತೆ ಬೇಕಾದಾಗ ಚಿತ್ರದ ಗುಣಕ್ಕಿಂತ ಅದರ ಉದ್ದಗಲವೇ ಮುಖ್ಯವಾಗುತ್ತದೆ. ಮೇಲಿನ ಸಾಲಿನ ಕೃತಿಗಳ ಮೇಲೆ ಕಿಟಕಿಯ ಬೆಳಕು ಬಿದ್ದು ಮೆರುಗೆಣ್ಣೆ ಹೊಳೆಯುತ್ತದೆ, ಚಿತ್ರ ಮರೆಯಾಗುತ್ತದೆ. ಕತ್ತೆತ್ತಿ ನೋಡಿ ದಣಿದವರು ಹೆಸರಾಂತ ಕೃತಿಗಳನ್ನಷ್ಟೇ ಹುಡುಕಿಕೊಂಡು ಮುಂದೆ ಸಾಗುತ್ತಾರೆ. ಕಲಾವಿದ ಇಲ್ಲಿ ದರ್ಬಾರಿನ ಹಿಂಸಾಲಿನಲ್ಲಿ ನಿಂತ ಪರಿವಾರದವನಂತೆ: ಹಾಜರಿ ಬೇಕು, ಮಾತು ಬೇಡ.

ಆದರೂ ಪಾಠದ ಕ್ರಮವಿಲ್ಲದ ಗೋಡೆ ಕಣ್ಣಿಗೆ ಒಂದು ಸ್ವಾತಂತ್ರ್ಯ ಕೊಡುತ್ತದೆ. ರಾಜ ಹೆರೋದನಿಗೆ ಹೆದರಿ ಈಜಿಪ್ಟಿಗೆ ಹೊರಟ ಮೇರಿ, ಜೋಸೆಫ್, ಶಿಶು ಯೇಸುವಿನ ಪ್ರಸಂಗ ಈ ಒಂದೇ ಸೂರಿನಡಿ ಎರಡು ಬಗೆಯಲ್ಲಿ ಸಿಗುತ್ತದೆ. ಕರವಾಜ್ಜೊ ಸುಮಾರು 1597ರಲ್ಲಿ ಬರೆದ ಚಿತ್ರದಲ್ಲಿ ದೇವದೂತ ನಮಗೆ ಬೆನ್ನು ಮಾಡಿ ಪಿಟೀಲು ನುಡಿಸುತ್ತಿದ್ದಾನೆ. ಮುದುಕ ಜೋಸೆಫ್ ಸ್ವರಲಿಪಿಯ ಹಾಳೆ ಹಿಡಿದಿದ್ದಾನೆ. ಮೇರಿ ಮಗುವನ್ನಪ್ಪಿ ನಿದ್ದೆಹೋಗಿದ್ದಾಳೆ. ಆನ್ನಿಬಾಲೆ ಕರಾಚ್ಚಿ ಸುಮಾರು 1604ರಲ್ಲಿ ಇದೇ ಪ್ರಯಾಣವನ್ನು ಅರ್ಧಚಂದ್ರಾಕಾರದ ಹರವಿನಲ್ಲಿ ಬರೆದ. ಅಲ್ಲಿ ಹೊಳೆ, ಗುಡ್ಡ, ಕೋಟೆಯೂರುಗಳೇ ಕಣ್ತುಂಬುತ್ತವೆ. ಪವಿತ್ರ ಕುಟುಂಬ ದಾರಿಹೋಕರಷ್ಟು ಚಿಕ್ಕದು. ಒಬ್ಬ ಪುರಾಣವನ್ನು ದಣಿದ ಮೈಗಳ ಹತ್ತಿರಕ್ಕೆ ತಂದ, ಇನ್ನೊಬ್ಬ ಅದನ್ನು ನಿಸರ್ಗದ ವಿಸ್ತಾರಕ್ಕೆ ಒಪ್ಪಿಸಿದ. ಪಠ್ಯಪುಸ್ತಕಗಳು ಇವರನ್ನು ವಾಸ್ತವವಾದಿ, ಅಭಿಜಾತವಾದಿ ಎಂದು ಎದುರುಬದುರು ಕೂರಿಸುತ್ತವೆ. ಕರವಾಜ್ಜೊನ ಚಿತ್ರದ ಬಲಬದಿಯಲ್ಲಿರುವ ಮೃದುವಾದ ಹಸಿರು ಬಯಲನ್ನು ಕಂಡ ಮೇಲೆ ಆ ಗಡಿ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಪದ್ಧತಿಯ ಮಿತಿಯನ್ನು ಅರಮನೆಯೇ ಒಪ್ಪಿಕೊಂಡ ಜಾಗವೂ ಇದೆ. ಸ್ಪೇನಿನ ವೆಲಾಸ್ಕೆಸ್ 1650ರಲ್ಲಿ ಬರೆದ ಇನ್ನೊಸೆಂಟ್ ಪೋಪನ ಭಾವಚಿತ್ರಕ್ಕೆ ಪ್ರತ್ಯೇಕ ಕಿರುಕೋಣೆಯಿದೆ. ಜೊತೆಗೆ ಬೆರ್ನೀನಿ ಕಡೆದ ಅದೇ ಪೋಪನ ಅಮೃತಶಿಲೆಯ ಎದೆಮಟ್ಟದ ಪ್ರತಿಮೆ. ಬೆರ್ನೀನಿಯ ಕಲ್ಲಿನಲ್ಲಿ ಪೀಠದ ಘನತೆ ಇದೆ. ವೆಲಾಸ್ಕೆಸನ ಕೆಂಪುಗಳ ನಡುವೆ ಇರುವುದು ಯಾರನ್ನೂ ಸುಲಭವಾಗಿ ನಂಬದ ಒಬ್ಬ ಮನುಷ್ಯ. ಚಿತ್ರ ಅತಿಯಾಗಿ ನಿಜವಾಯಿತೆಂದು ಪೋಪನೇ ಹೇಳಿದನೆಂಬ ಕಥೆ ದಂತಕಥೆಯೇ ಇರಬಹುದು, ಆದರೆ ಅದು ಹುಟ್ಟಿದ್ದಕ್ಕೆ ಕಾರಣ ಆ ನೋಟದಲ್ಲೇ ಇದೆ. ಕುಲದ ಹಿರಿಮೆ ಸಾರಬೇಕಿದ್ದ ಚಿತ್ರ ಕುಲಪುರುಷನನ್ನೇ ಪರೀಕ್ಷೆಗೊಡ್ಡಿದೆ. ಅದನ್ನು ಸಾಲಿನಲ್ಲಿ ನಿಲ್ಲಿಸಿದ್ದರೆ ಉಳಿದ ಗೋಡೆಗೆ ಉಳಿಗಾಲವಿರುತ್ತಿರಲಿಲ್ಲ.

ಹೀಗಾಗಿ ಕ್ವಾದ್ರೇರಿಯಾವನ್ನು ಅಪಕ್ವ ಮ್ಯೂಸಿಯಂ ಎಂದು ಅಳೆಯುವುದು ತಪ್ಪು. ಮ್ಯೂಸಿಯಂ ಕಲಾವಿದನನ್ನು ಕೇಂದ್ರದಲ್ಲಿಟ್ಟು, ಚಿತ್ರ ಯಾರ ಹಣದಿಂದ, ಯಾರ ಮನೆಗಾಗಿ ಹುಟ್ಟಿತೆಂಬುದನ್ನು ಚೀಟಿಯ ಸಣ್ಣ ಅಕ್ಷರಕ್ಕೆ ಇಳಿಸುತ್ತದೆ. ಅರಮನೆ ಆ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಗೋಡೆಗೇರಿಸುತ್ತದೆ. ಹಳೆಯ ಮನೆತನದ ಸಾಲು ಉಳಿದಿರುವಲ್ಲಿ ಅದನ್ನು ಹಾಗೆಯೇ ಉಳಿಸಬೇಕು, ಬೆಳಕಿನ ವ್ಯವಸ್ಥೆಯನ್ನಷ್ಟೇ ಸುಧಾರಿಸಬೇಕು. ಬರಿಯ ಅಲಂಕಾರಕ್ಕೆಂದು ಹೊಸ ಗ್ಯಾಲರಿಗಳು ಗೋಡೆ ತುಂಬಿಸಿದರೆ ಸಿಗುವುದು ಇಕ್ಕಟ್ಟು ಮಾತ್ರ. ಆ ಇಕ್ಕಟ್ಟಿಗೆ ಅರ್ಥ ಕೊಟ್ಟ ಮದುವೆ, ಪದವಿ, ಉಯಿಲುಗಳು ಅವುಗಳ ಬಳಿ ಇಲ್ಲ.